ಇಟ್ಟಿಗೆ ಕೊಟ್ಟು ಉಣ್ಣೆ ಪಡೆಯುವ ಆಟ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾಣಿಜ್ಯ ಶಿಕ್ಷಣದ ಮಹತ್ವದ ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಯವರು ಆಜ್ಞಾಪಿಸಿದ್ದರು. ಆ ವಿಷಯದ ಮೇಲೆ ಇದೇ ವೇದಿಕೆಯಲ್ಲಿ ನಾನು ಎರಡು ಸಲ ಮಾತನಾಡಿದ್ದೇನೆ. ಎರಡು ಸಲವೂ ಹಿಂದಿನ ಸಾಲಿನಲ್ಲಿದ್ದ ಹುಡುಗರು ಆಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಸಲ ಬರೆದುಕೊಂಡ ಕಾಗದ ತಂದಿಲ್ಲ, ಒಂದು ಪೆಟ್ಟಿಗೆ ತಂದಿದ್ದೇನೆ. ಇದು ಆಟದ ಪೆಟ್ಟಿಗೆ. ಹಿರಿಯರು ಕ್ಷಮಿಸಬೇಕು. ಶಿಕ್ಷಣ ಸಂಘದ ವೇದಿಕೆಯ ಮೇಲೆ ಆಟದ ಮಾತೇ ಎಂದು ಕೇಳುವವರು ಹತ್ತು ನಿಮಿಷ ತಾಳಿಕೊಂಡರೆ ಸಾಕು.

ಈ ಆಟದ ಹೆಸರು ಕ್ಯಾಟನ್. ಹುಟ್ಟಿದ್ದು ಜರ್ಮನಿಯಲ್ಲಿ, 1995ರಲ್ಲಿ. ಇದನ್ನು ರೂಪಿಸಿದವರು ಕ್ಲಾಸ್ ಟಾಯ್ಬರ್. 1952ರಲ್ಲಿ ಹುಟ್ಟಿದ ಇವರು 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು. ವೃತ್ತಿಯಿಂದ ಇವರು ವ್ಯಾಪಾರಿಯೂ ಅಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಕೃತಕ ಹಲ್ಲು ತಯಾರಿಸುವವರು. ಡಾರ್ಮ್‌ಸ್ಟಾಟ್ ಎಂಬ ಊರಿನ ಬಳಿ ಅವರಿಗೆ ಹಲ್ಲು ತಯಾರಿಸುವ ಪ್ರಯೋಗಾಲಯವಿತ್ತು. ಹಗಲು ಅಲ್ಲಿ ದುಡಿದು, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಆಟಗಳನ್ನು ಕಟ್ಟುತ್ತಿದ್ದರು. ಹೊಸದಾಗಿ ಮಾಡಿದ್ದನ್ನು ಮೊದಲು ಆಡುತ್ತಿದ್ದವರು ಹೆಂಡತಿ ಮತ್ತು ಮಕ್ಕಳು. ಐಸ್‌ಲೆಂಡಿಗೆ ಹಡಗಿನಲ್ಲಿ ಹೋಗಿ ನೆಲೆಸಿದ ವೈಕಿಂಗರ ಕಥೆ ಅವರ ಮನಸ್ಸಿನಲ್ಲಿತ್ತಂತೆ. ಬರಿಗೈಯಲ್ಲಿ ಒಂದು ದ್ವೀಪಕ್ಕೆ ಇಳಿದವರಿಗೆ ಮೊದಲು ಏನು ಬೇಕು? ಮರ ಬೇಕು, ಇಟ್ಟಿಗೆ ಬೇಕು, ಧಾನ್ಯ ಬೇಕು. ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ಆಟವೆಲ್ಲ ಇಷ್ಟರಲ್ಲೇ ಅಡಗಿದೆ.

ಜರ್ಮನಿಯಲ್ಲಿ 1979ರಿಂದ ಪ್ರತಿವರ್ಷ ‘ವರ್ಷದ ಆಟ’ ಎಂಬ ಪ್ರಶಸ್ತಿ ಕೊಡುತ್ತಾರೆ. ನಮ್ಮಲ್ಲಿ ಒಳ್ಳೆಯ ಪುಸ್ತಕಕ್ಕೆ ಪ್ರಶಸ್ತಿ ಕೊಡುವಂತೆ ಅಲ್ಲಿ ಒಳ್ಳೆಯ ಆಟಕ್ಕೂ ಕೊಡುತ್ತಾರೆ. 1995ರ ಪ್ರಶಸ್ತಿ ಕ್ಯಾಟನ್‌ಗೆ ಬಂತು. ಕೆಲವು ವರ್ಷಗಳ ನಂತರ ಟಾಯ್ಬರ್ ಹಲ್ಲಿನ ಕೆಲಸ ಬಿಟ್ಟು ಪೂರ್ತಿಯಾಗಿ ಆಟಗಳಲ್ಲೇ ತೊಡಗಿದರು. ಇಂದು ಇದು ಹತ್ತಾರು ಭಾಷೆಗಳಲ್ಲಿದೆ, ಮೂರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಪೆಟ್ಟಿಗೆಯೊಳಗೆ ಆರು ಮೂಲೆಯ 19 ಬಿಲ್ಲೆಗಳಿವೆ. ಜೇನುಗೂಡಿನ ಕೋಣೆಗಳಂತೆ ಇವನ್ನು ಜೋಡಿಸಿದರೆ ದ್ವೀಪ ತಯಾರಾಗುತ್ತದೆ. ನಾಲ್ಕು ಕಾಡು, ನಾಲ್ಕು ಹುಲ್ಲುಗಾವಲು, ನಾಲ್ಕು ಹೊಲ, ಮೂರು ಜೇಡಿಮಣ್ಣಿನ ಗುಡ್ಡ, ಮೂರು ಬೆಟ್ಟ, ಒಂದು ಮರುಭೂಮಿ. ಕಾಡು ಮರ ಕೊಡುತ್ತದೆ, ಹುಲ್ಲುಗಾವಲು ಉಣ್ಣೆ, ಹೊಲ ಧಾನ್ಯ, ಗುಡ್ಡ ಇಟ್ಟಿಗೆ, ಬೆಟ್ಟ ಅದಿರು. ಮರುಭೂಮಿ ಏನನ್ನೂ ಕೊಡುವುದಿಲ್ಲ. ಬೇರೆ ಎಲ್ಲ ಬಿಲ್ಲೆಗಳ ಮೇಲೂ ಒಂದೊಂದು ಅಂಕಿ ಇಡುತ್ತಾರೆ. ಎರಡು ದಾಳ ಉರುಳಿಸಿ ಬಂದ ಮೊತ್ತ ಯಾವ ಬಿಲ್ಲೆಯ ಮೇಲಿದೆಯೋ ಆ ಬಿಲ್ಲೆಯ ಮೂಲೆಯಲ್ಲಿ ಹಳ್ಳಿ ಕಟ್ಟಿಕೊಂಡವರಿಗೆಲ್ಲ ಅಲ್ಲಿನ ಸರಕಿನ ಒಂದು ಕಾರ್ಡು ಸಿಗುತ್ತದೆ. ದಾಳ ಯಾರೇ ಉರುಳಿಸಲಿ, ಬೆಳೆ ಎಲ್ಲರಿಗೂ. ನನ್ನ ಸರದಿ ಅಲ್ಲವೆಂದು ಯಾರೂ ಗೋಡೆ ನೋಡುತ್ತಾ ಕೂರುವಂತಿಲ್ಲ.

ರಸ್ತೆ ಹಾಕಲು ಒಂದು ಮರ, ಒಂದು ಇಟ್ಟಿಗೆ. ಹೊಸ ಹಳ್ಳಿಗೆ ಮರ, ಇಟ್ಟಿಗೆ, ಉಣ್ಣೆ, ಧಾನ್ಯ ಒಂದೊಂದು. ಹಳ್ಳಿಯನ್ನು ಪಟ್ಟಣ ಮಾಡಲು ಮೂರು ಅದಿರು, ಎರಡು ಧಾನ್ಯ. ಹಳ್ಳಿಗೆ ಒಂದು ಅಂಕ, ಪಟ್ಟಣಕ್ಕೆ ಎರಡು. ಮೊದಲು 10 ಅಂಕ ಮುಟ್ಟಿದವರು ಗೆದ್ದರು. ಉಳಿದ ಸಣ್ಣಪುಟ್ಟ ನಿಯಮಗಳನ್ನು ಆಡುತ್ತಾ ಕಲಿಯಬಹುದು.

ದಾಳ ಎಂದೊಡನೆ ಸಂಘದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಮಾಷ್ಟ್ರೇ, ಇದು ಸರಿಯಾ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಇದರಲ್ಲಿ ಪಣವಿಲ್ಲ, ಹಣವಿಲ್ಲ. ಆದರೂ ದಾಳವನ್ನೇ ಮುಟ್ಟಬಾರದೆಂದು ಹೇಳುವ ಉಲಮಾಗಳಿದ್ದಾರೆ. ಆ ವಿಷಯದಲ್ಲಿ ತೀರ್ಪು ಹೇಳುವ ಅರ್ಹತೆ ನನಗಿಲ್ಲ. ಆದರೆ ಒಂದು ದಾರಿಯಿದೆ. ದಾಳದ ಬದಲು 36 ಕಾರ್ಡುಗಳ ಕಟ್ಟೊಂದನ್ನು ಈ ಆಟದವರೇ ಹೊರತಂದಿದ್ದಾರೆ. ಎರಡು ದಾಳ ಉರುಳಿದಾಗ ಆಗಬಹುದಾದ ಜೋಡಿಗಳು 36. ಅವುಗಳಲ್ಲಿ 7 ಬರುವುದು ಆರು ರೀತಿಯಲ್ಲಿ, 6 ಮತ್ತು 8 ಐದೈದು ರೀತಿಯಲ್ಲಿ, 2 ಮತ್ತು 12 ಒಂದೇ ಒಂದು ರೀತಿಯಲ್ಲಿ. ಆ ಲೆಕ್ಕಕ್ಕೆ ಸರಿಯಾಗಿ ಕಾರ್ಡುಗಳಿವೆ. ನಮ್ಮ ಹಾಸ್ಟೆಲಿನ ಹುಡುಗರು ದಪ್ಪ ಕಾಗದ ಕತ್ತರಿಸಿ ತಾವೇ ಒಂದು ಕಟ್ಟು ಮಾಡಿಕೊಂಡಿದ್ದಾರೆ. ಹೀಗೆ ಮಾಡಿದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ದಾಳಕ್ಕೆ ನೆನಪಿಲ್ಲ, ಕಟ್ಟಿಗೆ ನೆನಪಿದೆ. ಐದು 8 ಹೋದ ಮೇಲೆ ಮತ್ತೆ ಕಲಸುವ ತನಕ 8 ಬರುವುದೇ ಇಲ್ಲ. ಎರಡನೇ ಪಿ.ಯು.ಸಿ.ಯ ಒಬ್ಬ ಹುಡುಗ ಹೋದ ಕಾರ್ಡುಗಳನ್ನು ಎಣಿಸಿಟ್ಟುಕೊಂಡು ಎಲ್ಲರನ್ನೂ ಸೋಲಿಸತೊಡಗಿದ. ಈಗ ಕೊನೆಯ ಕೆಲವು ಕಾರ್ಡುಗಳು ಉಳಿದಿರುವಾಗಲೇ ಕಟ್ಟನ್ನು ಕಲಸಿಬಿಡುತ್ತಾರೆ.

ಇನ್ನು ವ್ಯಾಪಾರಕ್ಕೆ ಬರೋಣ. ನಮ್ಮ ಕರಾವಳಿಯವರಿಗೆ ವ್ಯಾಪಾರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ ಎಂಬ ಪದದಿಂದ ಬಂದಿದೆ, ಅದರ ಅರ್ಥ ವ್ಯಾಪಾರ ಎಂದು ಅನೇಕರು ಹೇಳುತ್ತಾರೆ. ನಿಮ್ಮಲ್ಲಿ ಹಲವರು ಬೇಸಿಗೆ ರಜೆಯಲ್ಲಿ ‘ಬಿಸ್ನೆಸ್’ ಎಂಬ ಆಟ ಆಡಿರಬಹುದು. ಊರುಗಳನ್ನು ಕೊಳ್ಳುವುದು, ಬಾಡಿಗೆ ವಸೂಲಿ ಮಾಡುವುದು, ಎದುರಿನವನು ದಿವಾಳಿಯಾಗುವವರೆಗೆ ಕಾಯುವುದು. ಅದು ಅಮೆರಿಕದ ‘ಮೊನಾಪಲಿ’ಯ ಸಂತಾನ. ಮೊನಾಪಲಿಗೂ ಒಂದು ಮೂಲವಿದೆ. ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ‘ಜಮೀನ್ದಾರನ ಆಟ’ಕ್ಕೆ ಪೇಟೆಂಟ್ ಪಡೆದಿದ್ದರು. ನೆಲವೆಲ್ಲ ಒಬ್ಬನ ಕೈಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ಜನರಿಗೆ ತೋರಿಸಿ ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನಾಪಲಿಯನ್ನು ಮಾರುಕಟ್ಟೆಗೆ ತಂದಿತು. ಮ್ಯಾಗಿಯವರ ಪೇಟೆಂಟಿಗೆ ಅದು ಕೊಟ್ಟದ್ದು 500 ಡಾಲರ್. ಎಚ್ಚರಿಕೆಗಾಗಿ ಮಾಡಿದ ಆಟವನ್ನು ಜಗತ್ತೆಲ್ಲ ಆಸೆಯಿಂದ ಆಡಿತು!

ಕ್ಯಾಟನ್‌ನಲ್ಲಿ ಯಾರೂ ದಿವಾಳಿಯಾಗುವುದಿಲ್ಲ. ಸೋಲುವವನೂ ಕೊನೆಯ ತನಕ ಆಟದಲ್ಲಿರುತ್ತಾನೆ, ಅವನ ಹಳ್ಳಿ ಅವನದೇ ಆಗಿರುತ್ತದೆ. ಹಣವೂ ಇಲ್ಲ. ಸರಕಿಗೆ ಸರಕು, ನೇರ ವಿನಿಮಯ. “ನನಗೆ ಒಂದು ಇಟ್ಟಿಗೆ ಬೇಕು, ಉಣ್ಣೆ ಕೊಡುತ್ತೇನೆ, ಯಾರಾದರೂ ಇದ್ದೀರಾ?” ಎಂದು ಬಾಯಿಬಿಟ್ಟು ಕೇಳಬೇಕು. ಸರದಿ ಯಾರದೋ ಅವರೊಂದಿಗೆ ಮಾತ್ರ ಉಳಿದವರು ವ್ಯಾಪಾರ ಮಾಡಬಹುದು, ತಮ್ಮೊಳಗೆ ಮಾಡುವಂತಿಲ್ಲ. ಸುಮ್ಮನೆ ದಾನವಾಗಿಯೂ ಕೊಡುವಂತಿಲ್ಲ. ಯಾರೂ ಒಪ್ಪದಿದ್ದರೆ ಬ್ಯಾಂಕಿಗೆ ಹೋಗಬಹುದು. ಆದರೆ ಬ್ಯಾಂಕಿನ ದರ ಕಠಿಣ. ಒಂದೇ ಜಾತಿಯ ನಾಲ್ಕು ಕೊಟ್ಟರೆ ಬೇಕಾದ ಒಂದು ಸಿಗುತ್ತದೆ. ಸಮುದ್ರದಂಚಿನ ಬಂದರಿನಲ್ಲಿ ಹಳ್ಳಿ ಇದ್ದರೆ ಮೂರಕ್ಕೆ ಒಂದು. ಕೆಲವು ಬಂದರುಗಳಲ್ಲಿ ಒಂದು ನಿರ್ದಿಷ್ಟ ಸರಕಿಗೆ ಮಾತ್ರ ಎರಡಕ್ಕೆ ಒಂದು.

ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ನಿಮ್ಮ ಹತ್ತಿರ ಬಂದರಿಲ್ಲವಾದರೆ ಒಂದು ಇಟ್ಟಿಗೆಗೆ ನೀವು ಹೆಚ್ಚೆಂದರೆ ಎಷ್ಟು ಉಣ್ಣೆ ಕೊಡಬಹುದು? ಮೂರು. ನಾಲ್ಕು ಕೇಳಿದರೆ ಬ್ಯಾಂಕಿನಿಂದಲೇ ತರಬಹುದು. ನಿಮಗೆ ಮೂರಕ್ಕೆ ಒಂದರ ಬಂದರಿದ್ದರೆ ಎರಡಕ್ಕಿಂತ ಹೆಚ್ಚು ಕೊಡುವ ಅಗತ್ಯವಿಲ್ಲ. ಅಂದರೆ ಬೆಲೆ ನಿರ್ಧಾರವಾಗುವುದು ಇಟ್ಟಿಗೆಯಿಂದಲ್ಲ. ನಿಮಗೆ ಬೇರೆ ಎಲ್ಲಿ ಸಿಗುತ್ತದೆ ಎಂಬುದರಿಂದ. ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸದ ಉದಾಹರಣೆ ಕೊಟ್ಟು, ವಿನಿಮಯದಿಂದ ಎರಡೂ ಕಡೆಯವರಿಗೆ ಹೇಗೆ ಲಾಭ ಎಂದು ಡೇವಿಡ್ ರಿಕಾರ್ಡೊ 1817ರಲ್ಲಿ ಬರೆದದ್ದನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ನನಗೆ ಹಿಂದಿರುಗಿಸುತ್ತಿದ್ದರು.

ಇಷ್ಟೆಲ್ಲ ತಿಳಿದ ನಾನು ಸೋತ ಕಥೆಯನ್ನು ಈಗ ಹೇಳಬೇಕು.

ನನ್ನ ಅಣ್ಣ ಕಾಡುತ್ಪತ್ತಿ ವ್ಯಾಪಾರಿ. ಅಡಿಕೆ, ಕಾಳುಮೆಣಸು, ಕೊಬ್ಬರಿ. ಏಳನೇ ತರಗತಿ ಮುಗಿಸಿದ ವರ್ಷ ತಂದೆ ಹಾಸಿಗೆ ಹಿಡಿದರು. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಅಣ್ಣ ಅಂಗಡಿಯ ಗದ್ದುಗೆಯ ಮೇಲೆ ಕುಳಿತಿದ್ದರು. ನಾನು ಆಗ ನಾಲ್ಕನೇ ತರಗತಿ. ನನ್ನ ಹೈಸ್ಕೂಲು, ಕಾಲೇಜು, ಎಂ.ಕಾಂ., ಎಲ್ಲವೂ ಆ ಅಂಗಡಿಯಿಂದ ಮತ್ತು ಇಂಥದೇ ಒಂದು ಸಂಘ ಕೊಟ್ಟ ವಿದ್ಯಾರ್ಥಿವೇತನದಿಂದ ಆಯಿತು. ಮನೆಗೆ ಬಂದವರಿಗೆ ಉಮ್ಮ ನನ್ನನ್ನು ತೋರಿಸಿ, “ಇವನು ಕಲಿತವನು” ಎನ್ನುತ್ತಿದ್ದರು. ಅಣ್ಣ ಅಲ್ಲಿಯೇ ಇರುತ್ತಿದ್ದರು. ನನಗೆ ಆಗ ಅದು ಮುಜುಗರವೆನಿಸಲಿಲ್ಲ. ಈಗ ಅನಿಸುತ್ತದೆ.

ಒಂದು ಮಳೆಗಾಲದ ಭಾನುವಾರ ನನ್ನ ಮಗ ಈ ಪೆಟ್ಟಿಗೆಯನ್ನು ಅಣ್ಣನ ಮನೆಗೆ ತಂದ. ಅಣ್ಣನ ಮಗಳು, ನನ್ನ ಮಗ, ನಾನು ಮೂವರೂ ಕುಳಿತೆವು. ನಾಲ್ಕನೆಯವರಾಗಿ ಅಣ್ಣನನ್ನು ಒತ್ತಾಯ ಮಾಡಿ ಕೂರಿಸಿದೆವು. “ಚೆನ್ನೆಮಣೆ ಬಿಟ್ಟರೆ ನನಗೆ ಬೇರೆ ಆಟ ಗೊತ್ತಿಲ್ಲ” ಎಂದರು. ನಿಯಮ ಹೇಳುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಯಾವ ಮಾಲು ಕಡಿಮೆ ಬರುತ್ತದೆ?”

ನಾನು ಲೆಕ್ಕ ಹಾಕಿ 6 ಮತ್ತು 8ರ ಪಕ್ಕ ಹಳ್ಳಿ ಇಟ್ಟೆ. ಧಾನ್ಯ, ಅದಿರು ರಾಶಿ ರಾಶಿ ಬರುವ ಜಾಗ. ಅಣ್ಣ ಇಟ್ಟದ್ದು ಇಟ್ಟಿಗೆಯ ಎರಡು ಗುಡ್ಡಗಳ ಪಕ್ಕ. ಅಂಕಿಗಳು ಸಾಧಾರಣ. ನಾನು ಮನಸ್ಸಿನಲ್ಲೇ ನಕ್ಕೆ. ಇಡೀ ದ್ವೀಪದಲ್ಲಿ ಇಟ್ಟಿಗೆಯ ಗುಡ್ಡ ಇರುವುದೇ ಮೂರು ಎಂಬುದನ್ನು ನಾನು ನಿಮಗೆ ಹೇಳಿದೆ, ಆದರೆ ಆ ಕ್ಷಣದಲ್ಲಿ ನನಗೇ ಹೊಳೆಯಲಿಲ್ಲ. ಆಟದ ಮೊದಲ ಭಾಗದಲ್ಲಿ ರಸ್ತೆಗೂ ಇಟ್ಟಿಗೆ ಬೇಕು, ಹಳ್ಳಿಗೂ ಇಟ್ಟಿಗೆ ಬೇಕು. ಅರ್ಧ ಗಂಟೆಯೊಳಗೆ ನಾವು ಮೂವರೂ ಅಣ್ಣನ ಅಂಗಡಿಯ ಮುಂದೆ ನಿಂತ ಗಿರಾಕಿಗಳಾಗಿದ್ದೆವು.

ಆಶ್ಚರ್ಯವೆಂದರೆ ಅವರು ದರ ಏರಿಸಲಿಲ್ಲ. ಒಂದಕ್ಕೆ ಒಂದು. ನಾನು ಎರಡು ಕೊಡಲೂ ತಯಾರಿದ್ದೆ. ಪ್ರತಿಯೊಬ್ಬರ ಸರದಿಯಲ್ಲೂ ಅವರು ಏನಾದರೊಂದು ಕೊಟ್ಟು ಏನಾದರೊಂದು ಪಡೆಯುತ್ತಿದ್ದರು. ಯಾರ ಕೈಯಲ್ಲಿ ಏನು ಹೆಚ್ಚಾಗಿದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನನಗೋ ಒಂದು ಸಿದ್ಧಾಂತ. ಎದುರಾಳಿಗೆ ಕೊಟ್ಟ ಪ್ರತಿ ಕಾರ್ಡೂ ಅವನನ್ನು ಗೆಲುವಿನ ಹತ್ತಿರ ಒಯ್ಯುತ್ತದೆ, ಆದ್ದರಿಂದ ಕೊಡಬಾರದು. ಅದರಂತೆ ಕೂಡಿಟ್ಟೆ. ಕೈಯಲ್ಲಿ ಒಂಬತ್ತು ಕಾರ್ಡು ಸೇರಿದಾಗ 7 ಬಂತು. 7 ಬಂದರೆ ಏಳಕ್ಕಿಂತ ಹೆಚ್ಚು ಕಾರ್ಡು ಇಟ್ಟುಕೊಂಡವರು ಅರ್ಧ ಬ್ಯಾಂಕಿಗೆ ಕೊಡಬೇಕು. ನಾಲ್ಕು ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ ಆಯಿತು. ಅಣ್ಣನ ಕೈಯಲ್ಲಿ ಎಂದೂ ಐದಾರಕ್ಕಿಂತ ಹೆಚ್ಚು ಕಾರ್ಡು ನಿಲ್ಲಲಿಲ್ಲ.

ಅವರು ಒಂಬತ್ತು ಅಂಕಕ್ಕೆ ಬಂದಾಗ ನಾನು ಎಚ್ಚೆತ್ತು, “ಇನ್ನು ಯಾರೂ ಇವರೊಡನೆ ವ್ಯಾಪಾರ ಮಾಡಬೇಡಿ” ಎಂದು ಮಕ್ಕಳಿಗೆ ಹೇಳಿದೆ. ಅವರೂ ಒಪ್ಪಿದರು. ಅಣ್ಣ ಏನೂ ಹೇಳಲಿಲ್ಲ. ಇಟ್ಟಿಗೆಯನ್ನು ಎರಡಕ್ಕೆ ಒಂದರಂತೆ ತೆಗೆದುಕೊಳ್ಳುವ ಬಂದರಿನಲ್ಲಿ ಅವರು ಯಾವಾಗಲೋ ಒಂದು ಹಳ್ಳಿ ಕಟ್ಟಿದ್ದರು. ಅದು ಏಕೆಂದು ನಾವು ಯಾರೂ ಕೇಳಿರಲಿಲ್ಲ. ಎರಡು ಇಟ್ಟಿಗೆ ಕೊಟ್ಟು ಒಂದು ಅದಿರು ತೆಗೆದುಕೊಂಡು ಕೊನೆಯ ಪಟ್ಟಣ ಕಟ್ಟಿಬಿಟ್ಟರು. ನನ್ನದು ಆರು ಅಂಕ.

ಚಹಾ ಕುಡಿಯುವಾಗ ಕೇಳಿದೆ, “ಇಟ್ಟಿಗೆಗೆ ನೀವು ಎರಡು ಕೇಳಿದ್ದರೂ ನಾನು ಕೊಡುತ್ತಿದ್ದೆ. ಯಾಕೆ ಕೇಳಲಿಲ್ಲ?”

“ಎರಡು ಕೇಳಿದರೆ ನೀನು ಆ ದಿನ ಕೊಡುತ್ತಿದ್ದೆ. ಆಮೇಲೆ ಮೂರನೇ ಗುಡ್ಡಕ್ಕೆ ರಸ್ತೆ ಹಾಕುತ್ತಿದ್ದೆ” ಎಂದರು. “ಅಡಿಕೆ ತರುವವನಿಗೆ ಪೇಟೆಯಲ್ಲಿ ಇನ್ನೂ ನಾಲ್ಕು ಅಂಗಡಿ ಇದೆ. ಅವನು ಮುಂದಿನ ಕೊಯ್ಲಿಗೂ ನಮ್ಮಲ್ಲಿಗೇ ಬರಬೇಕು.”

ಬೇರೆ ಎಲ್ಲಿ ಸಿಗುತ್ತದೆ ಎಂಬುದರಿಂದ ಬೆಲೆ ನಿರ್ಧಾರವಾಗುತ್ತದೆ ಎಂದು ನಾನು ಈಗಷ್ಟೇ ನಿಮಗೆ ದೊಡ್ಡದಾಗಿ ವಿವರಿಸಿದೆನಲ್ಲ, ಅದೇ ಮಾತು. 26 ವರ್ಷ ವಾಣಿಜ್ಯಶಾಸ್ತ್ರ ಕಲಿಸಿದ ನಾನು ಒಂದು ದಿನವಾದರೂ ಅಣ್ಣನನ್ನು ನನ್ನ ತರಗತಿಗೆ ಕರೆದಿರಲಿಲ್ಲ. ಅವರಿಂದ ಕೇಳುವುದೇನಾದರೂ ಇದ್ದೀತು ಎಂಬ ಯೋಚನೆಯೂ ಬಂದಿರಲಿಲ್ಲ.

ಇದನ್ನು ಕೇಳಿ ಕೆಲವು ಹೆತ್ತವರು ಒಳಗೊಳಗೇ ಸಂತೋಷಪಡುತ್ತಿರಬಹುದು. ಹಾಗಾದರೆ ಹುಡುಗನನ್ನು ಹತ್ತನೇ ತರಗತಿಗೇ ಅಂಗಡಿಗೆ ಕೂರಿಸಿದರೆ ತಪ್ಪೇನು ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರವೂ ಅಣ್ಣನ ಬಳಿಯೇ ಇದೆ. ಕೆಲವು ವರ್ಷಗಳ ಹಿಂದೆ ಅವರು ಗೋದಾಮು ಕಟ್ಟಲು ಒಂದು ಹಣಕಾಸು ಸಂಸ್ಥೆಯಿಂದ ಸಾಲ ಪಡೆದಿದ್ದರು. ಹತ್ತಾರು ಪುಟಗಳ ಇಂಗ್ಲಿಷ್ ಕಾಗದ. ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದರು. ಅವಧಿಗೆ ಮೊದಲೇ ಹಣ ಕಟ್ಟಿ ಮುಗಿಸಿದರೂ ದಂಡ ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಒಂದು ಒಳ್ಳೆಯ ವರ್ಷ ಕಾಳುಮೆಣಸಿನಲ್ಲಿ ಬಂದ ಲಾಭವನ್ನೆಲ್ಲ ತಂದು ಸಾಲ ತೀರಿಸಲು ಹೋದಾಗ ಅದು ಗೊತ್ತಾಯಿತು. ಅಡಿಕೆಯ ಚೀಲಕ್ಕೆ ಕೈಹಾಕಿ ತೇವಾಂಶ ಹೇಳುವ ಮನುಷ್ಯ, ತನ್ನ ಮುಂದಿದ್ದ ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಹಿಂದೆ ಬಂದರು. ನಾನು ಬರೀ ಎಂಟು ಮೈಲಿ ದೂರದಲ್ಲಿದ್ದೆ. ಕಾಗದವನ್ನು ನನಗೆ ಏಕೆ ತೋರಿಸಲಿಲ್ಲ ಎಂದು ಕೇಳಿದ್ದಕ್ಕೆ, “ನಿನಗೆ ಕ್ಲಾಸು ಇರುತ್ತದಲ್ಲ” ಎಂದರು. ಇದು ನನಗೆ ತಟ್ಟಿದಷ್ಟು ಯಾವ ಬೈಗುಳವೂ ತಟ್ಟಿಲ್ಲ.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಪ್ರತಿವರ್ಷ ನಾವು ಈ ವೇದಿಕೆಯಲ್ಲಿ ಅಂಕಪಟ್ಟಿ ನೋಡಿ ಶಾಲು ಹೊದಿಸುತ್ತೇವೆ. ಅದು ನಡೆಯಲಿ. ಅದರ ಜೊತೆಗೆ ಸಂಜೆ ಅಂಗಡಿ ಮುಚ್ಚಿದ ಮೇಲೆ ಬರಬಹುದಾದ ಹುಡುಗರಿಗೆ, ದೊಡ್ಡವರಿಗೆ, ಕರಾರುಪತ್ರ ಓದುವುದು, ಬಡ್ಡಿಯ ಲೆಕ್ಕ, ತೆರಿಗೆಯ ಕಾಗದ, ಇಷ್ಟನ್ನು ಕಲಿಸುವ ಒಂದು ತರಗತಿ ಬೇಕು. ಕಲಿಸಲು ನಾನು ಬರುತ್ತೇನೆ. ಬದಲಿಗೆ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ದರ ಕಟ್ಟುವುದು, ಮಾಲು ನೋಡುವುದು, ಗಿರಾಕಿಯೊಡನೆ ಮಾತನಾಡುವುದನ್ನು ಆ ವ್ಯಾಪಾರಿಗಳು ಕಲಿಸಲಿ. ಒಂದಕ್ಕೆ ಒಂದು. ಅಣ್ಣನನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಆದರೆ ಮೈಕಿನ ಮುಂದೆ ನಿಲ್ಲುವುದಿಲ್ಲವಂತೆ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಈ ಆಟಕ್ಕೆ ಕುಳಿತಾಗ ನಮ್ಮ ಹಾಸ್ಟೆಲಿನ ಹುಡುಗರಲ್ಲಿ ನಾನು ಕಂಡ ದೊಡ್ಡ ತೊಂದರೆ ಲೆಕ್ಕದ್ದಲ್ಲ, ಸಂಕೋಚದ್ದು. “ನನಗೆ ಇಟ್ಟಿಗೆ ಬೇಕು” ಎಂದು ಹೇಳಲು ನಾಚಿಕೆ. ಕೇಳಿದರೆ ಇಲ್ಲವೆಂದಾರು ಎಂಬ ಭಯ. ಮಾತೇ ಆಡದ ಒಬ್ಬ ಹುಡುಗ ಮೊದಲ ಎರಡು ವಾರ ಪ್ರತಿಸಲ ಬ್ಯಾಂಕಿಗೆ ನಾಲ್ಕು ಕೊಟ್ಟು ಒಂದು ತರುತ್ತಿದ್ದ. ಕೇಳುವ ಸಂಕೋಚಕ್ಕೆ ಅವನು ಕೊಡುತ್ತಿದ್ದ ಬೆಲೆ ಮೂರು ಕಾರ್ಡು. ಮೂರನೇ ವಾರ ಬಾಯಿಬಿಟ್ಟ. ಈಗ ಅವನ ಬಾಯಿ ಮುಚ್ಚಿಸುವುದು ವಾರ್ಡನ್‌ರಿಗೆ ಕಷ್ಟವಾಗಿದೆ.

ಆ ಭಾನುವಾರದ ಒಂದು ಸಂಗತಿ ಹೇಳುವುದು ಉಳಿದಿದೆ. ಎಲ್ಲವನ್ನೂ ಪೆಟ್ಟಿಗೆಗೆ ತುಂಬುವಾಗ ಅಣ್ಣ ಒಂದು ಬಿಲ್ಲೆ ಕೈಯಲ್ಲಿ ಹಿಡಿದುಕೊಂಡು, “ಈ 6 ಮತ್ತು 8ನ್ನು ಮಾತ್ರ ಕೆಂಪು ಬಣ್ಣದಲ್ಲಿ ಯಾಕೆ ಬರೆದಿದ್ದಾರೆ?” ಎಂದು ಕೇಳಿದರು. ಅಂಗಡಿಯ ಬಿಲ್ಲಿನ ಪುಸ್ತಕದ ಹಿಂದೆ ನಾನು ಆರು ಸಾಲು, ಆರು ಕಾಲಮು ಎಳೆದು 36 ಮನೆ ಮಾಡಿ, ಎರಡು ದಾಳದ ಮೊತ್ತ ತುಂಬಿಸಿ ತೋರಿಸಿದೆ. ಓರೆಯಾಗಿ ಸಾಲುಗಟ್ಟಿದ 7, ಅದರ ಆಚೆ ಈಚೆ 6 ಮತ್ತು 8. ಅವರು ಬೆರಳಿಟ್ಟು ಒಂದೊಂದನ್ನೂ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖದಲ್ಲಿ ಮಗುವಿಗೆ ಬರುವಂಥ ಸಂತೋಷ.

“ಇದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ?”

“ಹೈಸ್ಕೂಲಿನಲ್ಲಿ” ಎಂದೆ.

“ಹಾಗಾದರೆ ಒಂದೇ ವರ್ಷದಲ್ಲಿ ತಪ್ಪಿಹೋಯಿತು” ಎಂದು ಹೇಳಿ, ಆ ಕಾಗದವನ್ನು ಹರಿದು ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಪೆಟ್ಟಿಗೆಯನ್ನು ಹಾಸ್ಟೆಲಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಭಾನುವಾರ ಅಸರ್ ನಮಾಜಿನ ನಂತರ ಆಟ ಇರುತ್ತದೆ. ಮೂರು ನಾಲ್ಕು ಜನ ಬೇಕು, ಒಂದೂವರೆ ಗಂಟೆ ಹಿಡಿಯುತ್ತದೆ. ಇಟ್ಟಿಗೆಯ ಒಂದು ಕಾರ್ಡು ಕಾಣೆಯಾಗಿದೆ. ಸಿಕ್ಕಿದವರು ದಯವಿಟ್ಟು ವಾರ್ಡನ್‌ರಿಗೆ ತಲುಪಿಸಬೇಕು. ವಸ್ಸಲಾಂ.